ಐಸ್ ಫ್ಯಾಕ್ಟರಿಯ ಮೋಟಾರ್ ಕೆಡುವ ಮುಂಚೆ ಏನು ಹೇಳುತ್ತದೆ?

ಪ್ರಶ್ನೆ: ಹೊನ್ನಾವರದ ಹತ್ತಿರ ಬಂದರಿನ ಪಕ್ಕ ನಮ್ಮದೊಂದು ಐಸ್ ಫ್ಯಾಕ್ಟರಿ ಇದೆ. ಅಪ್ಪ ಕಟ್ಟಿಸಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಎರಡು ಅಮೋನಿಯಾ ಕಂಪ್ರೆಸರ್ ಇವೆ. ದೊಡ್ಡದಕ್ಕೆ 60 ಎಚ್‌ಪಿ ಮೋಟಾರ್, ಬೆಲ್ಟ್ ಡ್ರೈವ್, ಬೇರಿಂಗ್ ನಂಬರ್ 6313. ಮಳೆಗಾಲದ ರಜೆಯಲ್ಲಿ ನಾಡದೋಣಿಯವರಿಗಾಗಿ ಚಿಕ್ಕ ಕಂಪ್ರೆಸರ್ ಮಾತ್ರ ಓಡಿಸುತ್ತೇವೆ. ಹೋದ ವರ್ಷ ಆಗಸ್ಟ್ ಎರಡನೇ ವಾರ, ಬೋಟಿನವರು ಐಸಿಗೆ ಸಾಲು ನಿಂತಿದ್ದಾಗ, ದೊಡ್ಡ ಮೋಟಾರಿನ ಪುಲ್ಲಿ ಕಡೆಯ ಬೇರಿಂಗ್ ಒಡೆಯಿತು. ರೋಟರ್ ಉಜ್ಜಿ ವೈಂಡಿಂಗ್ ಸುಟ್ಟಿತು. ನಾಲ್ಕು ದಿನ ಕೆಲಸ ನಿಂತಿತು. ಈಗ ಒಬ್ಬರು ಬಂದು, ವೈರ್‌ಲೆಸ್ ವೈಬ್ರೇಷನ್ ಸೆನ್ಸರ್ ಹಾಕಿಸಿದರೆ ಮೂರು ತಿಂಗಳು ಮೊದಲೇ ಮೊಬೈಲಿಗೆ ಮೆಸೇಜ್ ಬರುತ್ತದೆ ಅನ್ನುತ್ತಿದ್ದಾರೆ. ನಮ್ಮ ಹಳೇ ಆಪರೇಟರ್ ಸ್ಕ್ರೂಡ್ರೈವರ್ ಕಿವಿಗೆ ಹಿಡಿದು ಕೇಳಿ ನೋಡುವವರು. ಒಡೆಯುವ ನಾಲ್ಕು ದಿನ ಮೊದಲು ‘ಏನೋ ಬೇರೆ ಥರ ಕೇಳ್ತದೆ’ ಅಂದಿದ್ದರು, ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಅಣ್ಣನ ಮಾತು, ‘ಪ್ರತಿ ವರ್ಷ ಬೇರಿಂಗ್ ಬದಲಿಸಿಬಿಡು, ಸುಮ್ನೆ ಯಾಕೆ ಸೆನ್ಸರ್’ ಅಂತ. ನಾನು ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆ ತಾರೀಕಿನ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಿಮ್ಮ ದೊಡ್ಡ ಮೋಟಾರ್ ಅಷ್ಟೂ ದಿನ ನಿಂತಿತ್ತು. ಆಮೇಲೆ ಎರಡೇ ವಾರ ಓಡಿ ಒಡೆಯಿತು. ಕಾರವಾರದಿಂದ ಭಟ್ಕಳದವರೆಗೆ ಇಂಥ ಮೋಟಾರುಗಳ ಕೆಲಸಕ್ಕೆ ನಾನು ಓಡಾಡಿ ಇಪ್ಪತ್ತು ವರ್ಷದ ಮೇಲಾಯಿತು. ಆಗಸ್ಟ್ ತಿಂಗಳಲ್ಲಿ ಬರುವ ಫೋನುಗಳು ಉಳಿದ ತಿಂಗಳಿಗಿಂತ ಯಾವಾಗಲೂ ಜಾಸ್ತಿ. ಓಡುವ ಮೋಟಾರಿಗೆ ಆಗುವ ಹಾನಿ ಎಲ್ಲರಿಗೂ ಗೊತ್ತು. ನಿಂತ ಮೋಟಾರಿಗೂ ಹಾನಿಯಾಗುತ್ತದೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ.

ಅದು ಹೇಗೆ ಅಂತ ಹೇಳುತ್ತೇನೆ. ದೊಡ್ಡ ಮೋಟಾರ್ ನಿಂತಿದೆ, ಪಕ್ಕದಲ್ಲೇ ಚಿಕ್ಕ ಕಂಪ್ರೆಸರ್ ಓಡುತ್ತಿದೆ. ಅದರ ಅದುರು ಕಾಂಕ್ರೀಟ್ ಕಟ್ಟೆಯ ಮೂಲಕ ನಿಂತ ಮೋಟಾರಿಗೂ ಬರುತ್ತದೆ. ಬೇರಿಂಗಿನ ಗುಂಡುಗಳು ತಿರುಗುತ್ತಿಲ್ಲ, ಆದರೆ ಇದ್ದ ಜಾಗದಲ್ಲೇ ಕೂದಲೆಳೆಯಷ್ಟು ಹಿಂದೆ ಮುಂದೆ ಅಲುಗುತ್ತವೆ. ಗುಂಡು ಮತ್ತು ರೇಸಿನ (ಗುಂಡುಗಳು ಉರುಳುವ ಉಕ್ಕಿನ ಬಳೆ; ಒಳಗೊಂದು, ಹೊರಗೊಂದು) ನಡುವಿನ ಗ್ರೀಸ್ ಆಚೆ ಸರಿಯುತ್ತದೆ. ಶಾಫ್ಟ್ ತಿರುಗದೆ ಹೊಸ ಗ್ರೀಸ್ ಅಲ್ಲಿಗೆ ಬರುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ದಿನವೂ ಒಂದೇ ಕಡೆ ಒನಕೆ ಬಿದ್ದ ಹಾಗೆ, ಪ್ರತಿ ಗುಂಡಿನ ಕೆಳಗೂ ಒಂದೊಂದು ಸಣ್ಣ ಗುಳಿ ಆಗುತ್ತದೆ, ಕೆಂಪು ಕಂದು ಪುಡಿ ಕೂರುತ್ತದೆ. ಇದಕ್ಕೆ ಫಾಲ್ಸ್ ಬ್ರಿನೆಲಿಂಗ್ ಅಂತ ಹೆಸರು. 1930ರ ದಶಕದಲ್ಲಿ ಅಮೆರಿಕದಲ್ಲಿ ಹೊಸ ಕಾರುಗಳನ್ನು ರೈಲಿನಲ್ಲಿ ದೂರದ ಊರಿಗೆ ಕಳಿಸಿದಾಗ, ಒಂದು ಮೈಲಿಯೂ ಓಡದ ಕಾರಿನ ಚಕ್ರದ ಬೇರಿಂಗ್‌ಗಳು ಹಾಳಾಗಿ ತಲುಪುತ್ತಿದ್ದವು. ಕಾರಣ ಇದೇ. ರೈಲಿನ ಅದುರು, ತಿರುಗದ ಚಕ್ರ.

ಅದರ ಮೇಲೆ ನಮ್ಮ ಮಳೆಗಾಲ. ಜೂನ್, ಜುಲೈಯಲ್ಲಿ ಉಪ್ಪು ಬೆರೆತ ತೇವ ಮೋಟಾರಿನ ಒಳಗೂ ಹೋಗಿ ಕೂರುತ್ತದೆ. ಓಡುವ ಮೋಟಾರ್ ತನ್ನ ಬಿಸಿಯಿಂದಲೇ ಒಣಗಿಕೊಳ್ಳುತ್ತದೆ, ನಿಂತದ್ದಕ್ಕೆ ಆ ದಾರಿ ಇಲ್ಲ. ಆಗಸ್ಟ್ 1ಕ್ಕೆ ನೀವು ಸ್ವಿಚ್ ಹಾಕಿದಾಗ ಆ ಬೇರಿಂಗ್ ಅರ್ಧ ಸೋತೇ ಇತ್ತು ಅಂತ ನನ್ನ ಅನುಮಾನ. ಅನುಮಾನ ಅಂತಲೇ ಹೇಳುತ್ತೇನೆ. ಖಚಿತ ಮಾಡಿಕೊಳ್ಳಲು ಒಂದು ದಾರಿ ಇದೆ, ಕೊನೆಯಲ್ಲಿ ಬರೆಯುತ್ತೇನೆ.

ಈಗ ನಿಮ್ಮ ಅಣ್ಣನ ಮಾತು. ಪ್ರತಿ ವರ್ಷ ಬದಲಿಸುವುದು ಕೇಳಲು ಸರಿ ಅನಿಸುತ್ತದೆ. ಆದರೆ ಹೊಸ ಬೇರಿಂಗ್ ಹಾಕಿ ಮೋಟಾರನ್ನು ಅದೇ ಕಟ್ಟೆಯ ಮೇಲೆ ಎರಡು ತಿಂಗಳು ನಿಲ್ಲಿಸಿದರೆ ಹೊಸದಕ್ಕೂ ಅದೇ ಗುಳಿ ಬೀಳುತ್ತದೆ, ಅಲ್ವಾ? ಇನ್ನೊಂದು ಮಾತೂ ಇದೆ. 1978ರಲ್ಲಿ ನೌಲಾನ್ ಮತ್ತು ಹೀಪ್ ಎಂಬಿಬ್ಬರು ವಿಮಾನದ ಬಿಡಿಭಾಗಗಳು ಹೇಗೆ ಕೆಡುತ್ತವೆ ಅಂತ ಒಂದು ದೊಡ್ಡ ವರದಿ ಬರೆದರು. ವಯಸ್ಸಾದಂತೆ ಕೆಡುವ ಸಾಧ್ಯತೆ ಹೆಚ್ಚುವುದು ನೂರರಲ್ಲಿ ಸುಮಾರು 11 ಬಗೆಯ ಭಾಗಗಳಿಗೆ ಮಾತ್ರ ಅಂತ ಅವರು ಕಂಡರು. ಉಳಿದವಕ್ಕೆ ‘ಇಷ್ಟು ದಿನ ಆಯಿತು, ಬದಲಿಸು’ ಅನ್ನುವ ಲೆಕ್ಕದಿಂದ ಹೆಚ್ಚು ಉಪಯೋಗ ಇರಲಿಲ್ಲ. ಬಹಳಷ್ಟು ಭಾಗಗಳು ಕೆಡುವುದು ಹೊಸದಾಗಿ ಹಾಕಿದ ಆರಂಭದಲ್ಲೇ ಜಾಸ್ತಿ. ಎರಡನೇ ಮಹಾಯುದ್ಧದ ಹೊತ್ತಿಗೇ ವ್ಯಾಡಿಂಗ್ಟನ್ ಎಂಬ ವಿಜ್ಞಾನಿ ಬ್ರಿಟಿಷ್ ಯುದ್ಧವಿಮಾನಗಳ ಲೆಕ್ಕ ತೆಗೆದಾಗ, ಸರ್ವಿಸ್ ಮಾಡಿಸಿದ ಕೂಡಲೇ ರಿಪೇರಿಗಳು ಹೆಚ್ಚುತ್ತಿದ್ದದ್ದು ಕಂಡಿತ್ತು.

ನಮ್ಮ ವರ್ಕ್‌ಶಾಪುಗಳಲ್ಲಿ ಇದು ಹೇಗಾಗುತ್ತದೆ ಅಂತ ನಾನೇ ನೋಡಿದ್ದೇನೆ. ಹೀಟರ್ ಇಲ್ಲ ಅಂತ ಬೇರಿಂಗನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾರೆ. ಆ ಪೆಟ್ಟು ಗುಂಡಿನ ಮೂಲಕ ರೇಸಿಗೆ ಹೋಗುತ್ತದೆ. ಓಡುವ ಮೊದಲೇ ಗುಳಿ. ಆಮೇಲೆ ಬೆಲ್ಟ್ ಜಾರಬಾರದು ಅಂತ ಕೈಲಾದಷ್ಟು ಬಿಗಿಯುತ್ತಾರೆ. ಬಾಲ್ ಬೇರಿಂಗಿನ ಮೇಲೆ ಭಾರ ಎರಡರಷ್ಟಾದರೆ ಅದರ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅರ್ಧಕ್ಕಲ್ಲ, ಎಂಟನೇ ಒಂದಕ್ಕೆ. ಹಾಗಾಗಿ ಚೆನ್ನಾಗಿ ಓಡುತ್ತಿರುವ ಬೇರಿಂಗನ್ನು ಕ್ಯಾಲೆಂಡರ್ ನೋಡಿ ಬಿಚ್ಚಬೇಡಿ. ಬಿಚ್ಚಬೇಕೋ ಬೇಡವೋ ಅಂತ ಅದನ್ನೇ ಕೇಳಬೇಕು.

ಬಿಚ್ಚದೆ ಕೇಳುವುದು ಹೇಗೆ? ನಮ್ಮ ಜಿಲ್ಲೆಯಲ್ಲೇ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ನಿಲ್ಲದೆ 962 ದಿನ ಓಡಿತು. ಆ ಹೊತ್ತಿಗೆ ಅದು ಜಗತ್ತಿನಲ್ಲೇ ದಾಖಲೆ. ಓಡುವ ಟರ್ಬೈನನ್ನು ಯಾರೂ ಬಿಚ್ಚಿ ನೋಡಲಾಗುವುದಿಲ್ಲ. ಅದುರು, ಬಿಸಿ, ಎಣ್ಣೆ, ಒತ್ತಡ ಇವನ್ನು ಹೊರಗಿನಿಂದಲೇ ನೋಡಿ ಒಳಗಿನದ್ದನ್ನು ತಿಳಿಯಬೇಕು. ನಿಮ್ಮ 60 ಎಚ್‌ಪಿ ಮೋಟಾರಿಗೂ ಅದೇ ವಿದ್ಯೆ ಸಾಕು. ಸಲಕರಣೆ ಮಾತ್ರ ಚಿಕ್ಕದು.

ನಿಮ್ಮ ಮೋಟಾರ್ ನಿಮಿಷಕ್ಕೆ ಸುಮಾರು 1480 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 25 ಸುತ್ತು. ಪುಲ್ಲಿಯ ಒಂದು ಕಡೆ ತೂಕ ಜಾಸ್ತಿ ಇದ್ದರೆ ಪ್ರತಿ ಸುತ್ತಿಗೆ ಒಂದು ಸಲ ಎಳೆತ, ಸೆಕೆಂಡಿಗೆ 25 ಸಲ ಅದುರು. ಬೆಲ್ಟಿನ ಬದಲು ಎರಡು ಶಾಫ್ಟನ್ನು ನೇರ ಜೋಡಿಸುವ ಕಪ್ಲಿಂಗ್ ಇರುವ ಕಡೆ ಅವೆರಡು ಸರಿಯಾಗಿ ನೇರಕ್ಕಿಲ್ಲದಿದ್ದರೆ ಅದುರು ಹೆಚ್ಚಾಗಿ ಸುತ್ತಿಗೆ ಎರಡು ಸಲ ಬರುತ್ತದೆ, ಶಾಫ್ಟಿನ ಉದ್ದಕ್ಕೂ ದೂಡಿದ ಹಾಗೆ ಇರುತ್ತದೆ. ಫೌಂಡೇಶನ್ ಬೋಲ್ಟ್ ಸಡಿಲವಾದರೆ ಒಂದು, ಎರಡು, ಮೂರು, ನಾಲ್ಕು ಹೀಗೆ ಸಾಲಾಗಿ ಎಲ್ಲ ಪಟ್ಟುಗಳೂ ಕಾಣುತ್ತವೆ. ಬ್ರೈನ್, ಅಂದರೆ ಐಸ್ ಗಟ್ಟಿ ಮಾಡುವ ಉಪ್ಪು ನೀರು ಚೆಲ್ಲುವ ಐಸ್ ಪ್ಲಾಂಟಿನಲ್ಲಿ ಬೋಲ್ಟ್ ತುಕ್ಕು ಹಿಡಿದು ಸಡಿಲವಾಗುವುದು ನಾನು ತುಂಬಾ ನೋಡಿದ ತೊಂದರೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಮೋಟಾರಿನ ಕಾಲು ಮತ್ತು ಕಟ್ಟೆ ಸೇರುವಲ್ಲಿ ಬೆರಳಿಟ್ಟರೆ ಎರಡೂ ಬೇರೆ ಬೇರೆಯಾಗಿ ಅಲುಗುವುದು ಗೊತ್ತಾಗುತ್ತದೆ. ಬೆಲ್ಟಿನಿಂದ ಕೈಯನ್ನೂ ಬಟ್ಟೆಯನ್ನೂ ದೂರ ಇಟ್ಟುಕೊಂಡೇ ನೋಡಿ.

ಇನ್ನೊಂದು ಸುಲಭದ ಪರೀಕ್ಷೆ. ಮೋಟಾರ್ ಜೋರಾಗಿ ಅದುರುತ್ತಿರುವಾಗ ಕರೆಂಟ್ ತೆಗೆಯಿರಿ. ತೆಗೆದ ಕ್ಷಣದಲ್ಲೇ ಅದುರು ಮಾಯವಾದರೆ ತೊಂದರೆ ವಿದ್ಯುತ್ತಿನದು: ವೈಂಡಿಂಗ್, ಫೇಸುಗಳ ಏರುಪೇರು, ಅಂಥದ್ದು. ಸುತ್ತು ಇಳಿದ ಹಾಗೆ ಮೆಲ್ಲಗೆ ಇಳಿದರೆ ತೊಂದರೆ ಮೆಕ್ಯಾನಿಕಲ್.

ಇನ್ನು ಬೇರಿಂಗ್. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಪ್ರಶ್ನೆಯ ಜೀವ ಇಲ್ಲೇ ಇದೆ. 6313 ಬೇರಿಂಗಿನಲ್ಲಿ ಸಾಮಾನ್ಯವಾಗಿ 8 ಗುಂಡುಗಳು. ಹೊರಗಿನ ರೇಸಿನಲ್ಲಿ ಒಂದು ಗುಳಿ ಬಿದ್ದರೆ, ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಸುಮಾರು 3 ಗುಂಡು ಅದರ ಮೇಲೆ ಹಾಯುತ್ತವೆ. ಒಳಗಿನ ರೇಸಿನಲ್ಲಿ ಗುಳಿಯಾದರೆ ಸುಮಾರು 5. ಅಂದರೆ ಹೊರ ರೇಸ್ ಕೆಟ್ಟರೆ ಸೆಕೆಂಡಿಗೆ ಸುಮಾರು 76 ಪೆಟ್ಟು, ಒಳ ರೇಸ್ ಕೆಟ್ಟರೆ ಸುಮಾರು 121 ಪೆಟ್ಟು. ಇವು ಸುತ್ತಿನ ಸರಿಯಾದ ಪಟ್ಟುಗಳಾಗಿ ಬರುವುದಿಲ್ಲ. ಆದ್ದರಿಂದಲೇ ಉಳಿದ ಸದ್ದಿನ ನಡುವೆ ಇವನ್ನು ಬೇರೆ ಮಾಡಿ ಗುರುತಿಸಬಹುದು. ಮೋಟಾರ್ ಬಿಚ್ಚದೆ, ಯಾವ ಬೇರಿಂಗಿನ ಯಾವ ರೇಸ್ ಅಂತ ಹೇಳಬಹುದು. ಮೊದಲ ಸಲ ಹೀಗೆ ಹೇಳಿ, ಬಿಚ್ಚಿದಾಗ ಅದೇ ಜಾಗದಲ್ಲಿ ಗುಳಿ ಕಂಡ ದಿನ ನನಗೆ ಆದ ಖುಷಿ ಇವತ್ತಿಗೂ ಹಸಿಯಾಗಿದೆ.

ಆದರೆ ಆ ಪೆಟ್ಟು ಮೊದಲಿಗೆ ತೀರಾ ಚಿಕ್ಕದು. ಮೋಟಾರ್ ಇಡೀ ಅದುರುವಷ್ಟು ಬಲ ಅದಕ್ಕಿಲ್ಲ. ತಾಮ್ರದ ಹಂಡೆಯನ್ನು ಉಗುರಿನಿಂದ ತಟ್ಟಿದರೆ ಹಂಡೆ ಅಲುಗುವುದಿಲ್ಲ, ಆದರೆ ‘ಟಿಂಗ್’ ಅನ್ನುತ್ತದೆ ಅಲ್ವಾ? ಹಾಗೆ. ಬೇರಿಂಗ್ ಮನೆ ಆ ಪೆಟ್ಟಿಗೆ ಸೆಕೆಂಡಿಗೆ ಸಾವಿರಾರು ಸಲದ ಸಣ್ಣ ಕಂಪನದಲ್ಲಿ ಮಿಡಿಯುತ್ತದೆ. ಕೆಡುವಿಕೆಯ ಹೆಜ್ಜೆಗಳು ಹೆಚ್ಚು ಕಡಿಮೆ ಹೀಗೆ. ಮೊದಲು ಮನುಷ್ಯರ ಕಿವಿಗೆ ಕೇಳದಷ್ಟು ಮೇಲಿನ ಸದ್ದು. ಆಮೇಲೆ ಈ ಕೆಲವು ಸಾವಿರ ಹರ್ಟ್ಸಿನ (ಸೆಕೆಂಡಿಗೆ ಎಷ್ಟು ಸಲ ಅನ್ನುವ ಲೆಕ್ಕವೇ ಹರ್ಟ್ಸ್) ‘ಟಿಂಗ್’. ಆಮೇಲೆ ನಾನು ಹೇಳಿದ 76, 121ರ ಪೆಟ್ಟುಗಳು ಸ್ಪಷ್ಟ ಕಾಣುತ್ತವೆ. ಆಮೇಲೆ ಕಿವಿಗೆ ಕೇಳುತ್ತದೆ. ಕೊನೆಗೆ ಬಿಸಿ, ಹೊಗೆ. ಬೇರಿಂಗ್ ಬಿಸಿಯಾಗಿದೆ ಅಂತ ಕೈಗೆ ಗೊತ್ತಾಗುವ ಹೊತ್ತಿಗೆ ಉಳಿದಿರುವುದು ಗಂಟೆಗಳು, ಹೆಚ್ಚೆಂದರೆ ಕೆಲವು ದಿನ.

ಈಗ ನಿಮ್ಮ ಹಳೇ ಆಪರೇಟರ್ ಹೇಳಿದ್ದು ಎಲ್ಲಿ ಬರುತ್ತದೆ ನೋಡಿ. ಅವರ ಕಿವಿ ತಪ್ಪಲಿಲ್ಲ. ನಾಲ್ಕನೇ ಹೆಜ್ಜೆಯಲ್ಲಿ ಕೇಳಿಸಿಕೊಂಡರು, ನಾಲ್ಕು ದಿನ ಮೊದಲು ಹೇಳಿದರು. ಕಿವಿಯಿಂದ ಅದಕ್ಕಿಂತ ಮುಂಚೆ ಸಿಗುವುದು ಕಷ್ಟ, ಸುತ್ತಲೂ ಕಂಪ್ರೆಸರ್ ಸದ್ದು ಇರುವಾಗಲಂತೂ ಇನ್ನೂ ಕಷ್ಟ. ಎರಡನೇ ಹೆಜ್ಜೆಯಲ್ಲೇ ಹಿಡಿದರೆ ಸಾಮಾನ್ಯವಾಗಿ ವಾರಗಳು, ಕೆಲವೊಮ್ಮೆ ತಿಂಗಳುಗಳ ಸಮಯ ಸಿಗುತ್ತದೆ. ಉಪಕರಣ ಬೇಕಾಗುವುದು ಇದಕ್ಕೆ.

ಯಾವ ಉಪಕರಣ? ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಒಂದು ಕಾರ್ಖಾನೆಯಲ್ಲಿ ದೊಡ್ಡ ಫ್ಯಾನಿನ ಮೋಟಾರನ್ನು ವೈಬ್ರೇಷನ್ ಮೀಟರಿನಲ್ಲಿ ಅಳೆದೆ. 2.1 ಬಂತು. ಯಂತ್ರಗಳ ಅದುರಿಗೆ ಮಿತಿ ಹೇಳುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 10816ರ ಹಳೆಯ ಪಟ್ಟಿಯಲ್ಲಿ 15ರಿಂದ 75 ಕಿಲೋವ್ಯಾಟ್ ಮೋಟಾರಿಗೆ ಸೆಕೆಂಡಿಗೆ 1.12 ಮಿಲಿಮೀಟರ್‌ವರೆಗೆ ಉತ್ತಮ, 2.8ರವರೆಗೆ ಓಡಿಸಬಹುದು, 7.1ರವರೆಗೆ ಹೆಚ್ಚು ದಿನ ಬೇಡ, ಅದರ ಮೇಲೆ ಅಪಾಯ. ನಾನು ‘ಸರಿ ಇದೆ’ ಅಂತ ಸಹಿ ಹಾಕಿದೆ. ಒಂಬತ್ತನೇ ದಿನ ಬೇರಿಂಗ್ ಹೋಯಿತು. ರಾತ್ರಿ ಪಾಳಿಯವರು ಬೆಳಗಿನವರೆಗೆ ಒದ್ದಾಡಿದರು. ಮೀಟರ್ ಸರಿಯಾಗಿಯೇ ಅಳೆದಿತ್ತು. ಅದು ತೋರಿಸುತ್ತಿದ್ದದ್ದು 10ರಿಂದ 1000 ಹರ್ಟ್ಸ್ ನಡುವಿನ ಒಟ್ಟು ವೇಗವನ್ನು. ಅಂದರೆ ಹಂಡೆ ಎಷ್ಟು ಅಲುಗುತ್ತಿದೆ ಅನ್ನುವುದನ್ನು. ‘ಟಿಂಗ್’ ಇರುವುದು ಅದರ ಮೇಲೆ. ಆ ದಿನದಿಂದ ವೇಗದ ಅಂಕಿಯೊಂದನ್ನೇ ನೋಡಿ ನಾನು ಯಾವ ಬೇರಿಂಗಿಗೂ ಸಹಿ ಹಾಕಿಲ್ಲ.

ಆದ್ದರಿಂದ ಎರಡು ಅಂಕಿ ಕೊಡುವ ಕೈಮೀಟರ್ ತೆಗೆದುಕೊಳ್ಳಿ. ಒಂದು ವೇಗ, ಸೆಕೆಂಡಿಗೆ ಮಿಲಿಮೀಟರಿನಲ್ಲಿ. ಅದು ತೂಕದ ಏರುಪೇರು, ಅಲೈನ್‌ಮೆಂಟ್, ಬೋಲ್ಟ್ ಇವನ್ನು ಹೇಳುತ್ತದೆ. ಇನ್ನೊಂದು ಮೇಲಿನ ಫ್ರೀಕ್ವೆನ್ಸಿಯ ಅಂಕಿ. ಕೆಲವು ಮೀಟರಿನಲ್ಲಿ ಅದಕ್ಕೆ ಎನ್ವಲಪ್ ಅಂತ ಹೆಸರು, ಕೆಲವದರಲ್ಲಿ ಬೇರಿಂಗ್ ಕಂಡಿಷನ್ ಅಂತ. ಅದು ಬೇರಿಂಗ್ ಮತ್ತು ಗ್ರೀಸಿನ ಸ್ಥಿತಿ ಹೇಳುತ್ತದೆ. ಮೊಬೈಲಿನ ಆ್ಯಪ್ ನಂಬಿ ಕೂರಬೇಡಿ. ಮೊಬೈಲಿನ ಒಳಗಿರುವ ಸೆನ್ಸರ್ ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಅಳೆಯುತ್ತದೆ. ಅಳೆದ ಸಲದ ಅರ್ಧದಷ್ಟು ಫ್ರೀಕ್ವೆನ್ಸಿವರೆಗೆ ಮಾತ್ರ ಏನನ್ನಾದರೂ ಹೇಳಲು ಸಾಧ್ಯ. ಪುಲ್ಲಿಯ ತೂಕದ ತೊಂದರೆ ಅದರಲ್ಲಿ ಕಂಡೀತು. ಸಾವಿರಾರು ಹರ್ಟ್ಸಿನ ಬೇರಿಂಗ್ ಮಿಡಿತ ಕಾಣುವುದಿಲ್ಲ.

ಮೀಟರ್ ಬಂದ ಮೇಲೆ ಅಳೆಯುವ ರೀತಿ ಮುಖ್ಯ. ಮೋಟಾರಿನ ಎರಡೂ ತುದಿಯ ಬೇರಿಂಗ್ ಮನೆಯ ಮೇಲೆ ಹೆಬ್ಬೆರಳ ಉಗುರಿನಷ್ಟು ಜಾಗದ ಪೇಂಟ್ ಕೆರೆದು, ಸುತ್ತ ಬಣ್ಣದಲ್ಲಿ ಗುರುತು ಹಾಕಿ. ಪ್ರತಿ ಸಲ ಅಲ್ಲೇ ಇಡಿ. ಕೈಯಲ್ಲಿ ಒತ್ತಿ ಹಿಡಿಯುವ ಕಡ್ಡಿಗಿಂತ ಅಯಸ್ಕಾಂತದ ತಳ ಒಳ್ಳೆಯದು. ಕೈ ಹಿಡಿತ ಬದಲಾದರೆ ಮೇಲಿನ ಫ್ರೀಕ್ವೆನ್ಸಿಯ ಅಂಕಿ ಬದಲಾಗಿಬಿಡುತ್ತದೆ. ಫ್ಯಾನಿನ ತಗಡಿನ ಮುಚ್ಚಳದ ಮೇಲೆ ಇಡಬೇಡಿ, ಅಲ್ಲಿ ತಗಡಿನ ಸದ್ದು ಮಾತ್ರ ಸಿಗುತ್ತದೆ. ಅಳೆದಾಗ ಎಷ್ಟು ಆಂಪ್ಸ್ ಇತ್ತು, ಬ್ರೈನ್ ಟ್ಯಾಂಕ್ ಎಷ್ಟು ತಂಪಾಗಿತ್ತು ಬರೆದಿಡಿ. ಬೆಳಿಗ್ಗೆ ಪೂರ್ತಿ ಲೋಡಿನಲ್ಲಿ ಅಳೆದದ್ದನ್ನು ಮಧ್ಯರಾತ್ರಿ ಅರ್ಧ ಲೋಡಿನ ಅಂಕಿಯ ಜೊತೆ ಹೋಲಿಸಿ ಹೆದರಿಕೊಂಡವರನ್ನು ನೋಡಿದ್ದೇನೆ.

ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಯಾವುದು ಅಂತ ಕೇಳಿದರೆ, ಆ ನೋಟ್‌ಬುಕ್ ಅನ್ನುತ್ತೇನೆ. ಪಟ್ಟಿಯಲ್ಲಿರುವ 1.12, 2.8 ಎಲ್ಲ ಊರಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ. ನಿಮ್ಮ ಮೋಟಾರ್ ಆರೋಗ್ಯವಾಗಿದ್ದಾಗ ಎಷ್ಟಿತ್ತು ಅನ್ನುವುದೇ ನಿಜವಾದ ಅಳತೆ. ಬೇರಿಂಗ್ ಹೊಸದಾಗಿದ್ದಾಗ, ಒಂದು ವಾರ ಓಡಿ ಗ್ರೀಸ್ ಹರಡಿಕೊಂಡ ಮೇಲೆ ಬಂದ ಅಂಕಿಯನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ. ನಾನು ಇಟ್ಟುಕೊಂಡ ಲೆಕ್ಕ ಸರಳ. ಆ ಕೆಂಪು ಅಂಕಿಯ ಎರಡರಷ್ಟಾದರೆ ವಾರಕ್ಕೊಮ್ಮೆ ನೋಡುತ್ತಿದ್ದದ್ದನ್ನು ಎರಡು ದಿನಕ್ಕೊಮ್ಮೆ ನೋಡುತ್ತೇನೆ, ಗ್ರೀಸ್ ಕೊಟ್ಟು ನೋಡುತ್ತೇನೆ. ಗ್ರೀಸಿಗೆ ಇಳಿದು ಇಳಿದಲ್ಲೇ ನಿಂತರೆ ಹಸಿವಾಗಿತ್ತು ಅಷ್ಟೇ. ಇಳಿದು ಎರಡು ದಿನದಲ್ಲಿ ಮತ್ತೆ ಏರಿದರೆ ಒಳಗೆ ಗಾಯ ಇದೆ. ನಾಲ್ಕರಷ್ಟಾದರೆ ಬೇರಿಂಗ್ ತರಿಸಿ, ದಿನ ಗೊತ್ತು ಮಾಡುತ್ತೇನೆ.

ಗ್ರೀಸ್ ಅಂದಾಗ ಒಂದು ಮಾತು. 6313ರ ಹೊರ ವ್ಯಾಸ 140 ಮಿಲಿಮೀಟರ್, ಅಗಲ 33. ಇವೆರಡನ್ನು ಗುಣಿಸಿ 0.005ರಿಂದ ಗುಣಿಸಿದರೆ ಒಂದು ಸಲಕ್ಕೆ ಕೊಡಬೇಕಾದ ಗ್ರೀಸ್ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಸುಮಾರು 23 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಬಿಡುತ್ತದೆ ಅಂತ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಒತ್ತುಗಳನ್ನು ಎಣಿಸಿ. ‘ಹೊರಗೆ ಬರುವವರೆಗೆ ಒತ್ತು’ ಅನ್ನುವ ರೂಢಿಯಿಂದ ಗ್ರೀಸ್ ಒಳಗೇ ಕಡೆದು ಬಿಸಿಯಾಗುತ್ತದೆ. 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸಿನ ಆಯುಷ್ಯ ಅರ್ಧ ಆಗುತ್ತದೆ.

ಕಂಪ್ರೆಸರಿಗೆ ಈ ಮೋಟಾರ್ ಪಟ್ಟಿ ಹಾಕಬೇಡಿ. ಪಿಸ್ಟನ್ ಯಂತ್ರ ಹುಟ್ಟಿನಿಂದಲೇ ಜಾಸ್ತಿ ಅದುರುವಂಥದ್ದು, ಅದಕ್ಕೆ ಬೇರೆಯೇ ಮಿತಿಗಳಿವೆ. ಅಲ್ಲಿ ಬಿಸಿಯ ಲೆಕ್ಕ ಹೆಚ್ಚು ಹೇಳುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎಲ್ಲ ಹೆಡ್‌ಗಳ ಡಿಸ್ಚಾರ್ಜ್ ಕಡೆಯ ಬಿಸಿ ನೋಡಿ. ಒಂದು ಹೆಡ್ ಉಳಿದವಕ್ಕಿಂತ ಬಿಸಿ ಇದ್ದರೆ ಅದರ ವಾಲ್ವ್ ಪ್ಲೇಟ್ ಸೋರುತ್ತಿರಬಹುದು. ಒತ್ತಿದ ಗ್ಯಾಸ್ ವಾಪಸ್ ಬಂದು ಮತ್ತೆ ಒತ್ತಿಸಿಕೊಳ್ಳುವುದರಿಂದ ಆ ಬಿಸಿ. ಆಯಿಲ್ ಪ್ರೆಷರ್, ಶಾಫ್ಟ್ ಸೀಲಿನಿಂದ ದಿನಕ್ಕೆ ಎಷ್ಟು ಹನಿ ಎಣ್ಣೆ ಬೀಳುತ್ತದೆ ಅನ್ನುವುದು, ಆಂಪ್ಸ್, ಇವೆಲ್ಲ ಅದೇ ನೋಟ್‌ಬುಕ್ಕಿಗೆ. ಅಳೆಯಲು ಹೋಗುವವರು ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡೇ ಹೋಗಲಿ, ಅಮೋನಿಯಾ ಮಾಸ್ಕ್ ಬಾಗಿಲ ಹೊರಗೆ ಕೈಗೆ ಸಿಗುವಂತಿರಲಿ.

ಅಮೋನಿಯಾ ಇರುವ ಕಡೆ ಹಿತ್ತಾಳೆ ಕೇಜಿನ (ಗುಂಡುಗಳನ್ನು ಹಿಡಿದಿಡುವ ಚೌಕಟ್ಟು) ಬೇರಿಂಗ್ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಸ್ಟೀಲ್ ಕೇಜ್ ಕೇಳಿ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಅವನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಕುದುರೆ ಮೂತ್ರದ ಅಮೋನಿಯಾ, ಮಳೆಯ ತೇವ, ಲೋಹದೊಳಗಿನ ಬಿಗಿತ ಮೂರೂ ಸೇರಿ ಹಿತ್ತಾಳೆಯನ್ನು ಸೀಳುತ್ತಿದ್ದವು. 1921ರಲ್ಲಿ ಇದರ ಕಾರಣವನ್ನು ವಿವರಿಸಿ ಬರೆದರು. ನಿಮ್ಮ ಕಂಪ್ರೆಸರ್ ರೂಮಿನಲ್ಲಿ ಆ ಮೂರೂ ಇವೆ.

ಎಲ್ಲ ಕೆಡುಕಿಗೂ ಮುನ್ಸೂಚನೆ ಇರುವುದಿಲ್ಲ, ಇದನ್ನು ಸೆನ್ಸರ್ ಮಾರುವವರು ಹೇಳುವುದಿಲ್ಲ. ದ್ರವ ಅಮೋನಿಯಾ ಕಂಪ್ರೆಸರಿಗೆ ನುಗ್ಗಿದರೆ ವಾಲ್ವ್ ಪ್ಲೇಟ್ ಒಂದೆರಡು ಕ್ಷಣದಲ್ಲಿ ಒಡೆಯುತ್ತದೆ. ಸಿಡಿಲು, ಒಂದು ಫೇಸ್ ಹೋಗುವುದು, ಇವಕ್ಕೆಲ್ಲ ಮೂರು ತಿಂಗಳ ಮೊದಲು ಯಾವ ಮೆಸೇಜೂ ಬರದು. ಅಲ್ಲಿ ಬೇಕಾದ್ದು ಸರಿಯಾಗಿ ಕೆಲಸ ಮಾಡುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್, ಓವರ್‌ಲೋಡ್ ರಿಲೇ, ಮಿತಿ ಮೀರಿದಾಗ ಕಂಪ್ರೆಸರನ್ನು ತಾನಾಗಿ ನಿಲ್ಲಿಸುವ ಕಟ್‌ಔಟ್‌ಗಳು. ಯಾರೋ ಯಾವಾಗಲೋ ಬೈಪಾಸ್ ಮಾಡಿಟ್ಟ ಕಟ್‌ಔಟ್ ನಿಮ್ಮಲ್ಲಿ ಇದೆಯಾ ಅಂತ ಈ ವಾರವೇ ನೋಡಿ. ಸೆನ್ಸರಿಗಿಂತ ಮುಂಚೆ ಹಣ ಅಲ್ಲಿ ಹೋಗಲಿ.

ಹಾಗಾದರೆ ವೈರ್‌ಲೆಸ್ ಸೆನ್ಸರ್ ಬೇಡವೇ? ಕೆಟ್ಟದ್ದಲ್ಲ. ರಾತ್ರಿ ಎರಡು ಗಂಟೆಗೂ ಅದು ಅಳೆಯುತ್ತದೆ, ಅದು ದೊಡ್ಡ ಅನುಕೂಲ. ಆದರೆ ಬಂದವರಿಗೆ ಕೆಲವು ಪ್ರಶ್ನೆ ಕೇಳಿ. ಎಷ್ಟು ಹರ್ಟ್ಸ್‌ವರೆಗೆ ಅಳೆಯುತ್ತದೆ? 1000ಕ್ಕೇ ನಿಂತರೆ, ನಾನು ಒಂಬತ್ತು ದಿನ ಮೊದಲು ಸಹಿ ಹಾಕಿದ ಮೀಟರಿನ ಕಥೆಯೇ ಮತ್ತೆ. ದಿನಕ್ಕೆ ಎಷ್ಟು ಸಲ, ಎಷ್ಟು ಸೆಕೆಂಡ್? ಅಳೆದ ಪೂರ್ತಿ ಸ್ಪೆಕ್ಟ್ರಮ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಅದುರು ಅನ್ನುವ ಚಿತ್ರ, ನಮಗೆ ನೋಡಲು ಸಿಗುತ್ತದಾ, ಇಲ್ಲಾ ಬರೀ ಹಸಿರು, ಹಳದಿ, ಕೆಂಪು ದೀಪವಾ? ಚಂದಾ ನಿಲ್ಲಿಸಿದರೆ ನಮ್ಮ ಹಳೆಯ ಅಂಕಿಗಳು ನಮಗೇ ಉಳಿಯುತ್ತವಾ? ಉಪ್ಪು ಗಾಳಿಯಲ್ಲಿ ಎಷ್ಟು ದಿನ ಬಾಳುತ್ತದೆ, ಬ್ಯಾಟರಿ ಬದಲಿಸಬಹುದಾ? ಎಐ ತಾನೇ ಕಲಿಯುತ್ತದೆ ಅಂದರೆ, ಎರಡೇ ಕಂಪ್ರೆಸರ್ ಇರುವ ಪ್ಲಾಂಟಿನಲ್ಲಿ ಕೆಟ್ಟ ಉದಾಹರಣೆ ಅದಕ್ಕೆ ಎಲ್ಲಿಂದ ಸಿಗಬೇಕು? ಅದು ಕಲಿಯಬಲ್ಲದ್ದು ನಿಮ್ಮ ಯಂತ್ರದ ಆರೋಗ್ಯದ ದಿನಗಳನ್ನು. ಬದಲಾವಣೆ ಆದಾಗ ಹೇಳೀತು. ‘ಇಂಥ ದಿನ ಒಡೆಯುತ್ತದೆ’ ಅನ್ನುವ ಭರವಸೆಯನ್ನು ನಾನಂತೂ ಕೊಡುವುದಿಲ್ಲ, ಕೊಡುವವರಿಂದ ಬರೆಸಿಕೊಳ್ಳಿ.

ನನ್ನ ಸಲಹೆ ಕೇಳಿದರೆ, ಈ ವರ್ಷ ಕೈಮೀಟರ್ ಮತ್ತು ನೋಟ್‌ಬುಕ್. ಮುಂದಿನ ವರ್ಷ, ನಿಮಗೇ ಅಂಕಿ ಓದಲು ಬಂದ ಮೇಲೆ, ದೊಡ್ಡ ಮೋಟಾರಿನ ಎರಡು ತುದಿಗೆ ಎರಡು ಸೆನ್ಸರ್. ಮತ್ತೆ ಇವತ್ತೇ ಒಂದು ಜೊತೆ 6313 ತರಿಸಿ ಕಪಾಟಿನಲ್ಲಿಡಿ, ನಿಲ್ಲಿಸಿ ಅಲ್ಲ, ಮಲಗಿಸಿ, ಪ್ಯಾಕ್ ಒಡೆಯದೆ. ಎಚ್ಚರಿಕೆ ಮೂರು ವಾರ ಮೊದಲು ಬಂದು, ಬೇರಿಂಗ್ ಬರಲು ನಾಲ್ಕು ವಾರ ಹಿಡಿದರೆ ಏನು ಪ್ರಯೋಜನ?

ಈಗ ಕ್ಯಾಲೆಂಡರ್. ನಿಮ್ಮ 61 ದಿನದ ರಜೆ ಎಷ್ಟೋ ಕಾರ್ಖಾನೆಗಳಿಗೆ ಇಲ್ಲದ ಭಾಗ್ಯ. ಮೇ ಕೊನೆಯ ವಾರ, ಪೂರ್ತಿ ಲೋಡ್ ಇರುವಾಗಲೇ ಎಲ್ಲ ಜಾಗವನ್ನೂ ಅಳೆಯಿರಿ. ನಿಲ್ಲಿಸಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. ಆ ಅಂಕಿ ನೋಡಿ ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಅಂತ ನಿರ್ಧರಿಸಿ. ನಿಲ್ಲಿಸಿದ ದಿನವೇ ಬೆಲ್ಟ್ ಸಡಿಲ ಮಾಡಿ. ವಾರಕ್ಕೊಮ್ಮೆ, ಸೋಮವಾರ ಅಂತಿಟ್ಟುಕೊಳ್ಳಿ, ಮೇನ್ ಸ್ವಿಚ್ ತೆಗೆದು ಬೀಗ ಹಾಕಿ, ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ. ಹೋದ ವಾರ ನಿಂತ ಜಾಗದಲ್ಲೇ ಮತ್ತೆ ನಿಲ್ಲಿಸಬೇಡಿ. ಪುಲ್ಲಿಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿಕೊಂಡರೆ ಗೊತ್ತಾಗುತ್ತದೆ. ಅಡಿಪಾಯ ಬೇರೆ ಮಾಡಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ವೈಂಡಿಂಗಿನಲ್ಲಿ ತೇವ ಕೂರದಂತೆ ಸ್ಪೇಸ್ ಹೀಟರ್ ಇದ್ದರೆ ಚಾಲೂ ಇಡಿ. ಜುಲೈ ಕೊನೆಯಲ್ಲಿ ಮೆಗ್ಗರ್ (ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿಸಿ. 5 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸದೆ ಸ್ವಿಚ್ ಹಾಕಬೇಡಿ. ಆಗಸ್ಟಿನ ಮೊದಲ ಹದಿನೈದು ದಿನ ದಿನಕ್ಕೊಮ್ಮೆ ಅಳೆಯಿರಿ, ಆಮೇಲೆ ವಾರಕ್ಕೊಮ್ಮೆ ಸಾಕು.

ಅಳೆಯುವ ಕೆಲಸವನ್ನು ನಿಮ್ಮ ಹಳೇ ಆಪರೇಟರಿಗೇ ಕೊಡಿ. ಅಂಕಿಯ ಪಕ್ಕ ಒಂದು ಖಾಲಿ ಜಾಗ ಬಿಡಿ, ‘ಬೇರೆ ಥರ ಕೇಳ್ತದೆ’ ಅನ್ನುವುದನ್ನೂ ಅವರು ಅಲ್ಲೇ ಬರೆಯಲಿ. ಓದು ಬರಹ ಕಷ್ಟ ಅಂದರೆ ನೀವು ಕೇಳಿ ಬರೆದುಕೊಳ್ಳಿ.

ಕೊನೆಗೆ, ನನ್ನ ಅನುಮಾನ ಸರಿಯಾ ಅಂತ ನೋಡುವ ದಾರಿ. ಒಡೆದ ಬೇರಿಂಗಿನಲ್ಲಿ ಈಗ ಗುರುತು ಉಳಿದಿರುವುದಿಲ್ಲ, ಎಲ್ಲ ಪುಡಿಯಾಗಿರುತ್ತದೆ. ಆದರೆ ರೀವೈಂಡಿಂಗ್ ಮಾಡುವಾಗ ಇನ್ನೊಂದು ತುದಿಯ ಬೇರಿಂಗನ್ನೂ ತೆಗೆದಿರುತ್ತಾರೆ. ಅದು ಅದೇ ಕಟ್ಟೆಯ ಮೇಲೆ ಅಷ್ಟೇ ದಿನ ನಿಂತಿತ್ತು. ಗುಜರಿಗೆ ಹಾಕಿಲ್ಲದಿದ್ದರೆ ಹುಡುಕಿ ತೆಗೆಯಿರಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೊರ ರೇಸನ್ನು ಗ್ರೈಂಡರಿನಲ್ಲಿ ಕತ್ತರಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಟಾರ್ಚ್ ಅಡ್ಡ ಹಿಡಿದು ನೋಡಿ. ಗುಂಡು ಗುಂಡಿನ ನಡುವೆ ಎಷ್ಟು ದೂರವೋ ಅಷ್ಟೇ ದೂರಕ್ಕೆ ಒಂದೊಂದು ಕಂದು ಗುಳಿ ಸಾಲಾಗಿ ಕಂಡರೆ ಅದು ಮಳೆಗಾಲದ ಕೆಲಸ. ರೇಸಿನ ಒಂದೇ ಮಗ್ಗುಲಲ್ಲಿ ಅಗಲವಾಗಿ ಚಕ್ಕೆ ಎದ್ದಿದ್ದರೆ ಬೆಲ್ಟಿನ ಬಿಗಿತದ ಕಡೆ ನೋಡಬೇಕು. ಸ್ಪಷ್ಟವಾಗದಿದ್ದರೆ ಫೋಟೋ ತೆಗೆದು ಕಳಿಸಿ, ಎರಡೂ ರೇಸಿನದ್ದು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು.